ನೀರು ಹಿಡಿಯಲು ಕಲಿತ ಸಿಸ್ಟರಮ್ಮ

ಸಿಸ್ಟರಮ್ಮ ಕೆಲಸದಿಂದ ನಿವೃತ್ತರಾದ ಮೇಲೂ ಬೀದಿಯಲ್ಲಿ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. ಹಾಲಿನವನಿಗೂ ಅವರು ಸಿಸ್ಟರಮ್ಮ, ಎದುರುಮನೆಯ ವಕೀಲರಿಗೂ ಸಿಸ್ಟರಮ್ಮ, ಕೈಹಿಡಿದ ಗಂಡನಿಗೂ ಜಗಳವಾದ ದಿನ ಸಿಸ್ಟರಮ್ಮನೇ. ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿಗೆ ಅವರು ಹೆಡ್ ನರ್ಸ್ ಆಗಿದ್ದರು. ವಾರ್ಡನ್ನು ನಡೆಸಿದರು ಎಂದರೆ ಅವರಿಗೆ ಸಿಟ್ಟು ಬಂದೀತು, ಆಳಿದರು ಎನ್ನಬೇಕು. ಊರಿನ ಅರ್ಧ ಮಕ್ಕಳು ಕಣ್ಣುಬಿಟ್ಟಾಗ ಕಂಡ ಮೊದಲ ಮುಖ ಸಿಸ್ಟರಮ್ಮನದು, ಕಿವಿಗೆ ಬಿದ್ದ ಮೊದಲ ಗದರಿಕೆಯೂ ಅವರದೇ ಎಂದು ಗಂಡ ಆಡಿಕೊಳ್ಳುತ್ತಿದ್ದರು.

ಮಗು ಹೊರಗೆ ಬಂದ ಗಳಿಗೆಯಲ್ಲಿ ಎಡಗೈ ಮಣಿಕಟ್ಟು ತಿರುಗಿಸಿ, ಗಡಿಯಾರ ನೋಡಿ, ಕೋಣೆಗೆಲ್ಲ ಕೇಳುವಂತೆ ಸಮಯ ಕೂಗುವುದು ಅವರ ಪದ್ಧತಿ. ಡಾಕ್ಟರು ಮರೆತಾರು, ಹೆತ್ತವಳು ಮೂರ್ಛೆ ಹೋದಾಳು, ಸಿಸ್ಟರಮ್ಮ ಸಮಯ ಕೂಗುವುದು ಮಾತ್ರ ಒಮ್ಮೆಯೂ ತಪ್ಪಿದ್ದಿಲ್ಲ. ಗಂಡ ಗಡಿಯಾರ ರಿಪೇರಿಯವರು. ಊರಿನವರ ಗಡಿಯಾರಗಳು ತಿಂಗಳುಗಟ್ಟಲೆ ಅವರ ಅಂಗಡಿಯಲ್ಲಿ ಮಲಗಿದ್ದರೂ ಹೆಂಡತಿಯ ಗಡಿಯಾರ ಒಂದು ನಿಮಿಷವೂ ಹಿಂದೆ ಬೀಳುವಂತಿರಲಿಲ್ಲ. ಬಿದ್ದರೆ ಅವತ್ತು ಊಟದ ಜೊತೆ ನಾಲ್ಕು ಮಾತನ್ನೂ ಬಡಿಸಿಕೊಳ್ಳಬೇಕಾಗುತ್ತಿತ್ತು.

ಸಿಸ್ಟರಮ್ಮನ ಬಳಿ ಒಂದು ಕಥೆಯಿತ್ತು. ನೆಂಟರು ನಾಲ್ಕು ಜನ ಸೇರಿದರೆ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ಮಾರನೇ ದಿನ ಆಪರೇಷನ್ ಇದ್ದ ಒಬ್ಬ ಬಸುರಿಯ ಗಂಡನಿಗೆ ಇವರು ನಡೆಯುತ್ತ ನಡೆಯುತ್ತಲೇ, "ಬೆಳಿಗ್ಗೆಯಿಂದ ಎನ್‌ಪಿಓ, ನೆನಪಿರಲಿ," ಎಂದು ಹೇಳಿ ಹೋಗಿದ್ದರು. ಎನ್‌ಪಿಓ ಎಂದರೆ ಬಾಯಿಗೆ ಏನೂ ಕೊಡಬಾರದು, ನೀರು ಕೂಡ ಕೊಡಬಾರದು ಎಂದು ಆಸ್ಪತ್ರೆಯವರ ಭಾಷೆ. ಆ ಮನುಷ್ಯ ಊರಿನ ಔಷಧಿ ಅಂಗಡಿಗಳನ್ನೆಲ್ಲ ಸುತ್ತಿ, ಬೆವರು ಒರೆಸಿಕೊಳ್ಳುತ್ತ ವಾಪಸು ಬಂದು, "ಸಿಸ್ಟರ್, ಎನ್‌ಪಿಓ ಎಲ್ಲೂ ಸಿಗಲಿಲ್ಲ. ಬೇರೆ ಕಂಪನೀದು ತಂದ್ರೆ ಆಗುತ್ತಾ?" ಎಂದಿದ್ದ. ಇಲ್ಲಿಗೆ ಬಂದಾಗ ಸಿಸ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು, ಕೇಳಿದವರಿಗೂ ಹೊಟ್ಟೆ ಹುಣ್ಣಾಗುತ್ತಿತ್ತು. ಆ ಮನುಷ್ಯ ನಕ್ಕನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ಇಂಥ ಗಟ್ಟಿ ಹೆಂಗಸಿಗೆ ನೀರೆಂದರೆ ಜೀವಭಯ. ಚಿಕ್ಕವರಿದ್ದಾಗ ಅಣ್ಣ ತಮಾಷೆಗೆಂದು ತೋಟದ ಬಾವಿಗೆ ತಳ್ಳಿದ್ದ. ಯಾರೋ ಹಾರಿ ಎತ್ತುವಷ್ಟರಲ್ಲಿ ಮೂಗು ಬಾಯಲ್ಲೆಲ್ಲ ನೀರು ತುಂಬಿತ್ತು. ಅಂದಿನಿಂದ ಸ್ನಾನ ಮಾಡುವಾಗಲೂ ಮುಖಕ್ಕೆ ನೀರು ಸುರಿದುಕೊಂಡವರಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡವರು. ಹಣೆಬರಹ ನೋಡಿ, ಇದ್ದೊಬ್ಬ ಮಗಳು ಮೆಚ್ಚಿ ಮದುವೆಯಾದದ್ದು ಹೊಳೆಯ ನಡುಗಡ್ಡೆಯ ಹುಡುಗನನ್ನು. ಮಗಳು ಅಳಿಯ ಇಬ್ಬರೂ ಅಲ್ಲಿನ ಶಾಲೆಯಲ್ಲಿ ಪಾಠ ಹೇಳುವವರು. ಸೇತುವೆಯಿಲ್ಲ, ದೋಣಿಯೊಂದೇ ದಾರಿ. ಮದುವೆ ಈಚೆ ದಡದಲ್ಲೇ ಆಯಿತು. ಆಮೇಲೆ ಮಗಳು ಬಂದುಹೋಗುತ್ತಿದ್ದಳು, ಅಪ್ಪ ಹೋಗಿಬರುತ್ತಿದ್ದರು. ಸಿಸ್ಟರಮ್ಮ ಮಾತ್ರ ದೋಣಿಕಟ್ಟೆಯವರೆಗೆ ಹೋಗಿ, ಗಂಡನ ಕೈಗೆ ತಿಂಡಿಯ ಡಬ್ಬಿ ಕೊಟ್ಟು ಹಿಂದಿರುಗುತ್ತಿದ್ದರು. ಮಗಳ ಮನೆಯ ಬಾಗಿಲಿನ ಬಣ್ಣ ಅವರಿಗೆ ಫೋಟೋದಲ್ಲಿ ನೋಡಿ ಗೊತ್ತಿತ್ತು, ಅಷ್ಟೆ.

ಮಗಳು ಬಸುರಿಯಾದಳು. ಹೆರಿಗೆಗೆ ಅಮ್ಮನ ಮನೆಗೇ ಬರುವುದೆಂದು ಮಾತಾಗಿತ್ತು. ಆದರೆ ದಿನ ಹತ್ತಿರ ಬರುತ್ತಿದ್ದ ಹಾಗೆ ರಕ್ತದೊತ್ತಡ ಸ್ವಲ್ಪ ಏರಿತು. ಓಡಾಟ ಬೇಡ, ದೋಣಿಯಂತೂ ಬೇಡವೇ ಬೇಡ, ಹೆರಿಗೆ ಇಲ್ಲೇ ಆಗಲಿ ಎಂದು ನಡುಗಡ್ಡೆಯ ಪುಟ್ಟ ಆಸ್ಪತ್ರೆಯ ಡಾಕ್ಟರು ಹೇಳಿಬಿಟ್ಟರು. ಅವತ್ತು ಸಂಜೆ ಮಗಳ ಫೋನು ಬಂತು.

"ಅಮ್ಮಾ, ಡಾಕ್ಟರು ಇನ್ನೊಂದು ಮಾತು ಹೇಳಿದ್ರು. ಹೆಡ್ ಎಂಗೇಜ್ ಆಗಿಲ್ಲ ಅಂತ. ಹಾಗಂದ್ರೆ ಏನಮ್ಮ? ಮಗು ತಲೇಲಿ ಏನಾದ್ರೂ ತೊಂದರೆನಾ?"

ಸಿಸ್ಟರಮ್ಮ ನಕ್ಕುಬಿಟ್ಟರು. "ಅಯ್ಯೋ ಪೆದ್ದಿ! ಪ್ರೈಮಿಗಳಲ್ಲಿ ಈಗ ಫ್ಲೋಟಿಂಗ್ ಹೆಡ್ ಇರೋದು ಮಾಮೂಲು ಕಣೇ. ಪ್ರೆಸೆಂಟೇಷನ್ ಏನು ಅಂತ ಕೇಳಿದ್ಯಾ? ಅದು ಮುಖ್ಯ."

ಆಚೆ ಕಡೆ ಮಗಳು ಮೂಗು ಎಳೆದುಕೊಂಡದ್ದು ಕೇಳಿಸಿತು.

"ನೀನೂ ಅವರ ಥರಾನೇ ಮಾತಾಡ್ತೀಯ. ಇರಲಿ ಬಿಡು. ಹೇಗೂ ಈ ಸಲವೂ ನೀನು ಬರಲ್ಲ, ನನಗೆ ಗೊತ್ತು."

ಫೋನು ಇಟ್ಟ ಮೇಲೆ ಸಿಸ್ಟರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. 'ಈ ಸಲವೂ' ಎಂಬ ಮಾತು ಎದೆಗೆ ನಾಟಿತ್ತು. ಗುರುತು ಪರಿಚಯ ಇಲ್ಲದ ಸಾವಿರಾರು ಹೆಂಗಸರ ಪಕ್ಕದಲ್ಲಿ ನಿಂತವರು ಹೆತ್ತ ಮಗಳ ಪಕ್ಕದಲ್ಲಿ ಇರುವುದಿಲ್ಲವೆಂದರೆ ಅದೆಂಥ ಬಾಳು? ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಕಾಫಿ ಲೋಟವನ್ನು ಗಂಡನ ಮುಂದೆ ಕುಕ್ಕಿ ಹೇಳಿದರು: "ರೀ, ನಾನು ಈಜು ಕಲೀತೀನಿ."

ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಮೇಜಿನ ಮೇಲೆ ಬಿತ್ತು. "ದೋಣೀಲಿ ಕೂರೋಕೆ ಈಜು ಯಾಕೆ? ದೋಣಿಯವನಿಗೆ ಬಂದ್ರೆ ಸಾಲದಾ?"

"ಸಾಲದು. ನೀರಿಗೆ ಬಿದ್ರೂ ಮುಳುಗಲ್ಲ ಅಂತ ನನಗೇ ಗೊತ್ತಾಗಬೇಕು. ಇಲ್ಲಾಂದ್ರೆ ಆ ಹಲಗೆ ಮೇಲೆ ನನ್ನ ಕಾಲು ಹೋಗಲ್ಲ."

ನಗರಸಭೆಯ ಈಜುಕೊಳದಲ್ಲಿ ಬೆಳಗಿನ ಹೊತ್ತು ಹೆಂಗಸರಿಗೆ ಮೀಸಲು. ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಲೋರಿನ್ ವಾಸನೆ, ಒದ್ದೆ ನೆಲದ ಮೇಲೆ ಒಂಟಿ ಚಪ್ಪಲಿಗಳು, ಕೊಕ್ಕೆಗಳಲ್ಲಿ ತೂಗುವ ಟವೆಲ್ಲುಗಳು. ಮೊಣಕಾಲವರೆಗಿನ ಈಜುಡುಗೆ ತೊಟ್ಟು, ತಲೆಗೆ ರಬ್ಬರ್ ಟೋಪಿ ಬಿಗಿದು ಕನ್ನಡಿ ನೋಡಿಕೊಂಡಾಗ ಸಿಸ್ಟರಮ್ಮನಿಗೆ ತಮ್ಮ ತಲೆ ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ಕಂಡಿತು. ಕಲಿಸುವವಳು ಮಗಳಿಗಿಂತ ಚಿಕ್ಕ ವಯಸ್ಸಿನ ಹುಡುಗಿ. ನಡೆದಾಡುವುದಕ್ಕೂ ಮೊದಲು ಈಜು ಕಲಿತವಳೆಂದು ಹೆಸರು, ಗೋಡೆಯ ಮೇಲಿನ ಕಪಾಟಿನಲ್ಲಿ ಅವಳು ಗೆದ್ದ ಕಪ್ಪುಗಳ ಸಾಲು. ಕೊರಳಲ್ಲಿ ಸದಾ ಒಂದು ಸೀಟಿ. ಎಲ್ಲರೂ ಅವಳನ್ನು ಸೀಟಿ ಮೇಡಂ ಎನ್ನುತ್ತಿದ್ದರು.

ಸೊಂಟದ ಮಟ್ಟದ ನೀರಿಗೆ ಇಳಿಯುವುದಕ್ಕೇ ಸಿಸ್ಟರಮ್ಮನಿಗೆ ಜೀವ ಬಾಯಿಗೆ ಬಂತು. ಗೋಡೆಯಂಚಿನ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಕೈ ಬಿಡಿ ಆಂಟಿ," ಎಂದಳು ಸೀಟಿ ಮೇಡಂ.

"ನನ್ನ ಸರ್ವಿಸ್ಸಿನಲ್ಲಿ ಯಾರ ಕೈಯನ್ನೂ ಬಿಟ್ಟವಳಲ್ಲಮ್ಮ ನಾನು. ಈ ಕಂಬೀನೂ ಬಿಡಲ್ಲ."

ಪಕ್ಕದಲ್ಲಿದ್ದ ಬೇಕರಿಯಾಕೆ ಕಿಸಕ್ಕನೆ ನಕ್ಕಳು. ತುಂಬು ಮೈಯ, ತುಂಬು ನಗೆಯ ಹೆಂಗಸು, ಸಿಸ್ಟರಮ್ಮನಿಗಿಂತ ಸ್ವಲ್ಪ ದಿನ ಮೊದಲು ಸೇರಿದವಳು. ಆ ನಗುವಿನಲ್ಲಿ ವಿಷವಿರಲಿಲ್ಲ, ಸಿಸ್ಟರಮ್ಮನೂ ನಕ್ಕರು.

ಎಡವಟ್ಟಾದದ್ದು ಉಸಿರಿನ ಪಾಠದಲ್ಲಿ. "ಒಳಗೆ ಬಿಡಿ, ಹೊರಗೆ ತಗೊಳ್ಳಿ," ಎಂದಳು ಸೀಟಿ ಮೇಡಂ. ನೀರೊಳಗೆ ಮುಖವಿಟ್ಟಾಗ ಉಸಿರು ಬಿಡಬೇಕು, ಮುಖ ಎತ್ತಿದಾಗ ಎಳೆದುಕೊಳ್ಳಬೇಕು ಎಂದು ಅವಳ ಅರ್ಥ. ಸಿಸ್ಟರಮ್ಮ ಜೀವಮಾನವಿಡೀ ಹೆರುವ ಹೆಂಗಸರಿಗೆ ಹೇಳಿಕೊಂಡು ಬಂದದ್ದು ಇದರ ತಿರುಗುಮುರುಗು: ಒಳಗೆ ತಗೋ, ಹೊರಗೆ ಬಿಡು. ಹುಡುಗಿ ಬಾಯಿ ತಪ್ಪಿ ಹೇಳಿದ್ದಾಳೆ, ಪಾಪ, ಎಂದುಕೊಂಡು, ತಮಗೆ ಗೊತ್ತಿದ್ದ ಸರಿಯಾದ ಕ್ರಮದಲ್ಲೇ ನೀರೊಳಗೆ ಮುಖವಿಟ್ಟು ದೀರ್ಘವಾಗಿ ಉಸಿರು ಎಳೆದುಕೊಂಡರು. ಆಮೇಲಿನದನ್ನು ಹೇಳುವುದು ಬೇಡ. ಮೂಗಿನಲ್ಲಿ ಬೆಂಕಿ, ಕಣ್ಣಲ್ಲಿ ಬಾವಿಯ ಕತ್ತಲೆ. ಬೇಕರಿಯಾಕೆ ಬೆನ್ನು ತಟ್ಟುತ್ತಲೇ ಇದ್ದಳು.

ಅಷ್ಟಾದರೂ ಬಿಡದೆ ಮಾರನೇ ದಿನವೂ ಹೋದರು. ಮನೆಯಲ್ಲಿ ಬೇಸಿನ್ನಿನ ತುಂಬ ನೀರು ತುಂಬಿಸಿ ಮುಖವಿಟ್ಟು ಗುಳುಗುಳು ಗುಳ್ಳೆ ಬಿಟ್ಟರು. ಗಂಡ ಟವೆಲ್ಲು ಹಿಡಿದು ಪಕ್ಕದಲ್ಲಿ ನಿಂತು, "ಅಡುಗೆಮನೇಲಿ ಹಾಲು ಉಕ್ಕಿದ ಹಾಗೆ ಕೇಳ್ತಿದೆ," ಎನ್ನುತ್ತಿದ್ದರು. ಹೀಗೆ ಕುಂಟುತ್ತ ತೆವಳುತ್ತ ಕೈ ಬೀಸುವ ಪಾಠದವರೆಗೆ ಬಂದರು. ಅಂದು ಸೀಟಿ ಮೇಡಂ ದಡದ ಮೇಲೆ ಅತ್ತಿಂದಿತ್ತ ನಡೆಯುತ್ತ ಕೂಗುತ್ತಿದ್ದಳು: "ನೀರು ಹಿಡೀರಿ ಆಂಟಿ! ಕೈ ಸುಮ್ನೆ ಜಾರ್ತಾ ಇದೆ. ನೀರು ಹಿಡೀರಿ, ನೀರು ಹಿಡೀರಿ!"

ನೀರು ಹಿಡಿಯುವುದು ಸಿಸ್ಟರಮ್ಮನಿಗೆ ಬಾರದ ಕೆಲಸವಲ್ಲ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು, ಬಿಂದಿಗೆ ಬಕೆಟ್ಟುಗಳನ್ನೆಲ್ಲ ತುಂಬಿಸಿಟ್ಟು ಡ್ಯೂಟಿಗೆ ಓಡಿದವರು. ಈಜುವುದಕ್ಕೂ ಅದಕ್ಕೂ ಏನು ಸಂಬಂಧ ಎಂದು ತಿಳಿಯಲಿಲ್ಲ, ಆದರೆ ಕಲಿಸುವವಳು ಅಷ್ಟು ಸಲ ಹೇಳುವಾಗ ಏನೋ ಇರಬೇಕು. ನಿಂತರು. ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ, ತುಂಬ ನೀರು ತುಂಬಿಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ ಮೇಲೆತ್ತಿ, ಸೀಟಿ ಮೇಡಂ ಕಡೆ ನೋಡಿ ಕೇಳಿದರು:

"ಹಿಡಿದೆ. ಎಲ್ಲಿಗೆ ಹಾಕಲಿ?"

ಕೊಳವೇ ನಕ್ಕಿತು. ಸೀಟಿ ಮೇಡಂ ನಗು ತಡೆಯಲಾರದೆ ದಡದ ಮೇಲೇ ಕುಳಿತುಬಿಟ್ಟಳು. ಸಿಸ್ಟರಮ್ಮನ ಬೊಗಸೆಯ ನೀರು ಬೆರಳ ಸಂದಿಯಲ್ಲಿ ಸೋರಿಹೋಯಿತು. ಅಷ್ಟಕ್ಕೇ ಮುಗಿದಿದ್ದರೆ ಅವರು ನುಂಗಿಕೊಳ್ಳುತ್ತಿದ್ದರೋ ಏನೋ. ಬಟ್ಟೆ ಬದಲಿಸುತ್ತಿದ್ದಾಗ ಮರದ ಪಾರ್ಟಿಷನ್ನಿನ ಆಚೆಯಿಂದ ಮುಂದಿನ ಬ್ಯಾಚಿನವರ ಮಾತು ಕೇಳಿಸಿತು. ಸೀಟಿ ಮೇಡಂ ಹೇಳುತ್ತಿದ್ದಳು, "ಹೀಗೆ ಬೊಗಸೆ ಹಿಡಿದು, ಎಲ್ಲಿಗೆ ಹಾಕಲಿ ಅಂದ್ರು ಕಣ್ರೇ!" ಮತ್ತೆ ನಗುವೋ ನಗು.

ಆ ನಗು ಸಿಸ್ಟರಮ್ಮನಿಗೆ ಚೆನ್ನಾಗಿ ಗೊತ್ತಿದ್ದ ನಗು. ಎಲ್ಲಿಗೆ ಬಂದಾಗ ದನಿ ತಗ್ಗಿಸಬೇಕು, ಎಲ್ಲಿ ಒಂದು ಗಳಿಗೆ ನಿಲ್ಲಿಸಬೇಕು, ಕೊನೆಯ ಮಾತನ್ನು ಹೇಗೆ ಬಿಸಾಕಬೇಕು, ಹುಡುಗಿ ಹೇಳಿದ ರೀತಿಯೆಲ್ಲವೂ ಅವರದೇ ಎನ್‌ಪಿಓ ಕಥೆಯ ಹಾಗೇ ಇತ್ತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಅವರು ಅಲ್ಲೇ ಬೆಂಚಿನ ಮೇಲೆ ಕುಳಿತರು. ಬೆವರು ಒರೆಸಿಕೊಳ್ಳುತ್ತಿದ್ದ ಆ ಮನುಷ್ಯನ ಮುಖವನ್ನು ನೆನಪಿಸಿಕೊಳ್ಳಲು ನೋಡಿದರು. ಎಷ್ಟು ನೋಡಿದರೂ ನೆನಪಿಗೆ ಬರಲಿಲ್ಲ.

ಮರುದಿನ ಕೊಳಕ್ಕೆ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಈಜುಡುಗೆ ತಂತಿಯ ಮೇಲೆ ಒಣಗಿ ಕಡ್ಡಿಯಾಯಿತು. ಗಂಡ ಮೂರನೆಯ ದಿನ ವಿಷಯ ಕೇಳಿದರು. ಹೇಳಿದಾಗ ಮೊದಲು ಅವರೂ ನಕ್ಕರು, ಹೆಂಡತಿಯ ಮುಖ ನೋಡಿ ನಿಲ್ಲಿಸಿದರು.

"ಒಂದು ಮಾತು ಹೇಳ್ತೀನಿ, ಬೈಬೇಡ," ಎಂದರು. "ನಮ್ಮ ಮಗಳು ಹುಟ್ಟೋ ದಿನ ನೀನು ಒಳಗಿದ್ದೆ, ನಾನು ಹೊರಗೆ ಬೆಂಚಿನ ಮೇಲೆ. ನಿನ್ನ ಜೊತೆ ಕೆಲಸ ಮಾಡ್ತಿದ್ದೋಳು ಬಂದು 'ಪ್ರೋಗ್ರೆಸ್ ಇಲ್ಲ' ಅಂದು ಒಳಗೆ ಹೋದಳು. ನನಗೇನು ಗೊತ್ತು? ಶಾಲೇಲಿ ಪ್ರೋಗ್ರೆಸ್ ಇಲ್ಲ ಅಂದ್ರೆ ಫೇಲು ಅಂತ ಅರ್ಥ. ನೀನು ಉಳಿಯಲ್ಲ ಅಂದ್ಕೊಂಡೆ. ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ ಕಣೇ."

ಸಿಸ್ಟರಮ್ಮ ಕೈಯಲ್ಲಿದ್ದ ತರಕಾರಿ ಕೆಳಗಿಟ್ಟರು. "ಹೆರಿಗೆ ನಿಧಾನ ಆಗ್ತಿದೆ ಅಂತ ಅರ್ಥ ರೀ ಅದು. ಅಷ್ಟೇ."

"ಈಗ ಹೇಳ್ತಿದ್ದೀಯ. ಮಗಳಿಗೆ ಮದುವೇನೂ ಆಯ್ತು."

"ಆವತ್ತೇ ಕೇಳಬಾರದಿತ್ತಾ?"

"ಕೇಳಿದ್ರೆ ನಗ್ತಾರೆ ಅಂತ ಹೆದರಿಕೆ. ನರ್ಸ್ ಗಂಡ ಆಗಿ ಇಷ್ಟೂ ಗೊತ್ತಿಲ್ವಾ ಅಂತ."

ಸಿಸ್ಟರಮ್ಮನಿಗೆ ಮಗಳ ಫೋನು ನೆನಪಾಯಿತು. ಮಗಳು ಮೂಗು ಎಳೆದುಕೊಂಡ ಸದ್ದು ಕಿವಿಯಲ್ಲಿ ಹಾಗೇ ಇತ್ತು. ತಲೆ ಎಂಗೇಜ್ ಆಗಿಲ್ಲ ಎಂಬುದನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಅವಳು ಇಷ್ಟೂ ದಿನ ಏನೇನು ಕಲ್ಪಿಸಿಕೊಂಡಿದ್ದಾಳೋ. ಕೈ ಒರೆಸಿಕೊಂಡು ಫೋನು ಎತ್ತಿದರು.

"ಮಗಳೇ, ಆವತ್ತು ನೀನು ಕೇಳಿದ್ಯಲ್ಲ, ಅದಕ್ಕೆ ಈಗ ಉತ್ತರ ಹೇಳ್ತೀನಿ. ಮಗು ತಲೆ ಚೆನ್ನಾಗಿದೆ. ಹೊರಗೆ ಬರೋ ಮುಂಚೆ ಮಗು ತಲೆ ಕೆಳಗೆ ಇಳಿದು, ದಾರಿ ಬಾಗಿಲಲ್ಲಿ ಕೂತ್ಕೊಳ್ಳುತ್ತೆ. ನಿನ್ನ ಮಗು ಇನ್ನೂ ಕೂತಿಲ್ಲ. ಮೇಲೇ ತೇಲಾಡ್ಕೊಂಡು ಆಟ ಆಡ್ತಿದೆ. ಹೊತ್ತು ಬಂದಾಗ ತಾನೇ ಇಳಿಯುತ್ತೆ."

"ಇಷ್ಟೇನಾ?"

"ಇಷ್ಟೇ."

"ಇದನ್ನ ಆವತ್ತೇ ಹೇಳೋಕೆ ಏನಾಗಿತ್ತಮ್ಮ ನಿನಗೆ? ನಾನು ಎಷ್ಟು ಅತ್ತಿದ್ದೀನಿ ಗೊತ್ತಾ?"

"ತಪ್ಪಾಯ್ತು ಪುಟ್ಟಿ," ಎಂದರು ಸಿಸ್ಟರಮ್ಮ. ವಾರ್ಡಿನಲ್ಲಿ ಎಲ್ಲರ ಬಾಯಿಂದಲೂ ಅವರು ಈ ಮಾತು ಹೇಳಿಸಿಕೊಂಡಿದ್ದುಂಟು, ಹೇಳಿದ್ದಿಲ್ಲ. "ಇನ್ನೊಂದು ವಿಷಯ. ನಾನು ಈಜು ಕಲೀತಿದ್ದೀನಿ. ಬರ್ತೀನಿ."

"ನೋಡೋಣ ಬಿಡು," ಎಂದಳು ಮಗಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಅದೇ ಸಂಜೆ ಬೇಕರಿಯಾಕೆ ಒಂದು ಪೊಟ್ಟಣ ಬನ್ನು ಹಿಡಿದುಕೊಂಡು ಮನೆ ಹುಡುಕಿಕೊಂಡು ಬಂದಳು. ಕುಳಿತವಳೇ ದೂರು ತೆಗೆದಳು. "ನೀವು ಬರದೆ ಕೊಳ ಬಿಕೋ ಅಂತಿದೆ ಸಿಸ್ಟರಮ್ಮ. ನೀವು ಕೇಳ್ತಿದ್ರಿ, ನಾವೂ ತಿಳ್ಕೋತಿದ್ವಿ."

"ನೀವೆಲ್ಲ ನಕ್ಕಿದ್ರಲ್ಲಮ್ಮ. ನಿಮಗೆ ನೀರು ಹಿಡಿಯೋದು ಗೊತ್ತಿದೆಯಲ್ಲ."

ಬೇಕರಿಯಾಕೆ ಸುತ್ತ ನೋಡಿ ದನಿ ತಗ್ಗಿಸಿದಳು. "ನನಗೇನು ಮಣ್ಣು ಗೊತ್ತು? ಮುಂದಿನವಳು ಕೈ ಬೀಸಿದ ಹಾಗೆ ನಾನೂ ಬೀಸ್ತೀನಿ. ಆಮೇಲೆ ಅವಳನ್ನೂ ಕೇಳಿದೆ. ಅವಳಿಗೂ ಗೊತ್ತಿಲ್ಲ. ನಕ್ಕವರಲ್ಲಿ ಒಬ್ಬಳಿಗೂ ಗೊತ್ತಿಲ್ಲ. ಆವತ್ತು ನಮ್ಮ ಬದಲು ನೀವು ಸಿಕ್ಕಿಬಿದ್ರಿ, ನಾವು ಬಚಾವಾದ್ವಿ ಅಂತ ನಕ್ಕಿದ್ದು."

ಸಿಸ್ಟರಮ್ಮನಿಗೆ ಈ ಸಲ ನಗು ಬಂತು. ಹೊಟ್ಟೆಯಾಳದಿಂದ ಬಂದ ನಗು. ಬನ್ನು ಅರ್ಧ ಮುರಿದು ಬೇಕರಿಯಾಕೆಗೇ ಕೊಟ್ಟು, ಒಳಗೆ ಹೋಗಿ ತಂತಿಯ ಮೇಲಿನ ಈಜುಡುಗೆ ತೆಗೆದು ಮಡಚಿ ಚೀಲಕ್ಕೆ ಹಾಕಿದರು.

ಬೆಳಿಗ್ಗೆ ನೀರಿಗೆ ಇಳಿಯುವ ಮೊದಲೇ ಸೀಟಿ ಮೇಡಂ ಎದುರು ನಿಂತರು. ವಾರ್ಡಿನಲ್ಲಿ ನಿಲ್ಲುತ್ತಿದ್ದ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತದ್ದಲ್ಲ, ಟವೆಲ್ಲು ಹೊದ್ದುಕೊಂಡು ನಿಂತದ್ದು.

"ನೋಡಮ್ಮ, ನೀರು ಹಿಡೀರಿ ಅಂತೀಯಲ್ಲ, ನನಗದು ಅರ್ಥ ಆಗಲಿಲ್ಲ. ಹಿಡಿಯೋದು ಅಂದ್ರೆ ಏನು?"

"ಅಂದ್ರೆ... ನೀರು ಹಿಡಿಯೋದು ಆಂಟಿ."

"ಅದೇ, ಹೇಗೆ?"

"ಹೇಗೆ ಅಂದ್ರೆ, ಹೀಗೆ ಕೈ ಹಾಕಿ..." ಹುಡುಗಿ ಗಾಳಿಯಲ್ಲಿ ಕೈ ಆಡಿಸಿದಳು, ನಿಲ್ಲಿಸಿದಳು, ಮತ್ತೆ ಆಡಿಸಿದಳು. ಬೇಕರಿಯಾಕೆ ಹಿಂದಿನಿಂದ, "ನನಗೂ ಗೊತ್ತಿಲ್ಲ ಮೇಡಂ," ಎಂದಳು. ಅವಳ ಹಿಂದೆ ಇನ್ನೂ ಒಂದಿಬ್ಬರು ನನಗೂ, ನನಗೂ ಎಂದರು. ಸೀಟಿ ಮೇಡಂ ಮುಖ ಕೆಂಪಾಯಿತು. ಸೀದಾ ನೀರಿಗೆ ಇಳಿದಳು. ಆಚೆ ಗೋಡೆಯವರೆಗೆ ನಿಧಾನವಾಗಿ, ತನ್ನ ಕೈಗಳನ್ನು ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಳ್ಳುತ್ತ ಈಜಿ ಹೋಗಿ, ಹಾಗೇ ಈಜಿ ಬಂದಳು. ಕಂಬಿ ಹಿಡಿದು ತಲೆಯೆತ್ತಿದಾಗ ಕಣ್ಣು ಅರಳಿತ್ತು.

"ಆಂಟಿ, ಇಳೀರಿ. ಮುಷ್ಟಿ ಕಟ್ಟಿ. ಹಾಗೇ ನೀರೊಳಗೆ ಕೈ ಹಿಂದಕ್ಕೆ ಎಳೀರಿ. ಏನಾಯ್ತು?"

"ಏನೂ ಆಗಲಿಲ್ಲ. ಜಾರಿಹೋಯ್ತು."

"ಈಗ ಮುಷ್ಟಿ ಬಿಚ್ಚಿ. ಅಂಗೈ ಹಿಂದಕ್ಕೆ ತಿರುಗಿಸಿ ಎಳೀರಿ."

ಸಿಸ್ಟರಮ್ಮ ಎಳೆದರು. ಅಂಗೈಗೆ ಏನೋ ಒತ್ತಿತು. ನೀರೇ, ಆದರೆ ಗಟ್ಟಿಯಾಗಿತ್ತು. ಹಿಡಿದು ತಳ್ಳಬಹುದಾದಷ್ಟು ಗಟ್ಟಿ. ಮೈ ತಾನಾಗಿ ಒಂದು ಗೇಣು ಮುಂದೆ ಹೋಯಿತು. ಬಾವಿಗೆ ಬಿದ್ದ ದಿನದಿಂದ ಹಿಡಿಯಲು ಏನೂ ಸಿಗದ ವಸ್ತುವೆಂದು ಹೆದರಿಕೊಂಡು ಬಂದ ನೀರು ಈಗ ಕೈಗೆ ಸಿಕ್ಕಿತ್ತು. ಅವರು ಚಿಕ್ಕ ಹುಡುಗಿಯ ಹಾಗೆ, "ಸಿಕ್ತು! ಸಿಕ್ತು!" ಎಂದು ಕೂಗಿಕೊಂಡರು.

"ಅದೇ ಆಂಟಿ! ಅದೇ ಹಿಡಿಯೋದು!" ಸೀಟಿ ಮೇಡಂ ಅವರಿಗಿಂತ ಜೋರಾಗಿ ಕೂಗಿದಳು. ಆಮೇಲೆ ದನಿ ಇಳಿಸಿ ಕೇಳಿದಳು, "ಆವತ್ತು ನಾನು ನಕ್ಕಿದ್ದಕ್ಕೆ ಬೇಜಾರಾಯ್ತಾ?"

"ಆಯ್ತು. ಆದ್ರೆ ನಾನೂ ಒಬ್ಬನ ಮೇಲೆ ಹಾಗೇ ನಗ್ತಾ ಬಂದೋಳು. ನಿನ್ನ ಬೈಯೋಕೆ ಬಾಯಿ ಬರಲಿಲ್ಲ."

ಅಂದಿನಿಂದ ಕೊಳದಲ್ಲಿ ಪಾಠದ ರೀತಿಯೇ ಬದಲಾಯಿತು. ಸೀಟಿ ಮೇಡಂ ಯಾವುದಾದರೂ ಮಾತು ಹೇಳಿ ಸಿಸ್ಟರಮ್ಮನ ಮುಖ ನೋಡುತ್ತಿದ್ದಳು. ಆ ಹುಬ್ಬು ಗಂಟಾದರೆ ಬೇರೆ ಥರ ಹೇಳುತ್ತಿದ್ದಳು. ಸಿಸ್ಟರಮ್ಮ ದೊಡ್ಡ ಈಜುಗಾರ್ತಿಯೇನೂ ಆಗಲಿಲ್ಲ. ಬೆನ್ನ ಮೇಲೆ ಮಲಗಿ ತೇಲುವುದು ಬಂತು, ಉಸಿರಿನ ಕ್ರಮ ಬಂತು, ಕೊಳದ ಅರ್ಧದವರೆಗೆ ಹೇಗೋ ಹೋಗಿ ಕಂಬಿ ಹಿಡಿಯುವುದು ಬಂತು. ಕಂಬಿಯ ಕೈಯನ್ನು ತಾವಾಗಿಯೇ ಬಿಡುವುದೂ ಬಂತು. ಪೂರ್ತಿ ಕಲಿತ ಮೇಲೆ ದೋಣಿ ಹತ್ತುವುದೆಂದು ಲೆಕ್ಕ ಹಾಕಿದ್ದರು.

ಮೊಮ್ಮಗು ಆ ಲೆಕ್ಕ ಕೇಳಲಿಲ್ಲ. ಒಂದು ಬೆಳಿಗ್ಗೆ ಕೊಳಕ್ಕೆ ಹೊರಟು ನಿಂತಾಗ ಅಳಿಯನ ಫೋನು ಬಂತು. "ಅತ್ತೇ, ನೋವು ಶುರುವಾಗಿದೆ. ಆಸ್ಪತ್ರೆಗೆ ಬಂದಿದ್ದೀವಿ. ಅವಳು ಬಾಗಿಲ ಕಡೆ ನೋಡ್ತಾ ಮಲಗಿದ್ದಾಳೆ."

ಚೊಚ್ಚಲ ಹೆರಿಗೆ, ಹೊತ್ತು ಹಿಡಿಯುತ್ತದೆ ಎಂದು ಸಿಸ್ಟರಮ್ಮನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ, ಅದು ಆಗಲೇ ಓಡುತ್ತಿತ್ತು. ಈಜುಡುಗೆಯ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ದೋಣಿಕಟ್ಟೆ ಸೇರಿದರು, ಹಿಂದೆ ಏದುಸಿರು ಬಿಡುತ್ತ ಗಂಡ. ಹೊಳೆ ಕೊಳದ ಹಾಗಿರಲಿಲ್ಲ. ನೀಲಿ ಟೈಲ್ಸ್ ಇಲ್ಲ, ತಳ ಕಾಣುವುದಿಲ್ಲ, ಗಾಳಿಗೆ ಮೈಯೆಲ್ಲ ಸುಕ್ಕು. ದೋಣಿಯವನು ಲೈಫ್ ಜಾಕೆಟ್ ತೊಡಿಸಿ ಒಳಗೆ ಕೂರಿಸಿದ. ಗಂಡ ಪಕ್ಕದಲ್ಲಿ ಕುಳಿತರು. ಇಂಜಿನ್ನು ಗುಡುಗಿತು, ದೋಣಿ ಮಾತ್ರ ಮುಂದೆ ಹೋಗಲೊಲ್ಲದು.

ದೋಣಿಯವನು ತಿರುಗಿ ನೋಡಿದ. ಕಟ್ಟೆಯ ಮರದ ಕಂಬವನ್ನು ಸಿಸ್ಟರಮ್ಮ ಎರಡೂ ತೋಳಿನಿಂದ ತಬ್ಬಿ ಹಿಡಿದಿದ್ದರು.

"ಕೈ ಬಿಡಿ ಅಮ್ಮಾ," ಎಂದ.

ಬಾವಿಯ ಕತ್ತಲೆ ಕಣ್ಣ ಮುಂದೆ ಬಂದು ನಿಂತಿತು. ಆ ಕತ್ತಲೆಯಲ್ಲೇ, ಬಾಗಿಲ ಕಡೆ ನೋಡುತ್ತ ಮಲಗಿದ ಮಗಳೂ ಕಂಡಳು. 'ಕೈ ಬಿಡಿ' ಎಂಬ ಮಾತಿನ ಅರ್ಥ ಈಗ ಅವರಿಗೆ ಗೊತ್ತಿತ್ತು. ಯಾರನ್ನೋ ನಡುನೀರಿನಲ್ಲಿ ಬಿಟ್ಟು ಹೋಗು ಎಂದು ಇವನು ಹೇಳುತ್ತಿಲ್ಲ. ಹಿಡಿದದ್ದನ್ನು ಬಿಟ್ಟರೆ ತಾನೇ ಮುಂದೆ ಹೋಗುವುದು. ಮೊದಲು ಬಲಗೈ ಬಿಟ್ಟರು. ಆಮೇಲೆ ಎಡಗೈ.

ಹೊಳೆ ದಾಟುವವರೆಗೂ ಕಣ್ಣು ಮುಚ್ಚಿ, ತುಟಿ ಮುಂದೆ ಮಾಡಿ ಉಸಿರು ಊದುತ್ತಲೇ ಇದ್ದರು. ದೋಣಿಯವನು ಗಾಬರಿಯಾಗಿ, "ಅಮ್ಮನಿಗೆ ಏನಾದ್ರೂ ಆಗ್ತಿದೆಯಾ ಸ್ವಾಮಿ?" ಎಂದು ಕೇಳಿದ. "ಏನಿಲ್ಲಪ್ಪ, ಗುಳ್ಳೆ ಬಿಡ್ತಿದ್ದಾಳೆ. ನೀನು ನಡಿ," ಎಂದರು ಗಂಡ. ನಡುಹೊಳೆಯಲ್ಲಿ ಒಂದು ಸಲ ಸಿಸ್ಟರಮ್ಮ ಕಣ್ಣು ತೆರೆದು, ಅಂಚಿನಾಚೆ ಕೈ ಇಳಿಬಿಟ್ಟು, ಅಂಗೈ ಹಿಂದಕ್ಕೆ ತಿರುಗಿಸಿ ನೋಡಿದರು. ಇಲ್ಲೂ ನೀರು ಕೈಗೆ ಸಿಕ್ಕಿತು.

ಹೆರಿಗೆ ಕೋಣೆಯಲ್ಲಿದ್ದ ನರ್ಸು ಒಂದು ಕಾಲದಲ್ಲಿ ಸಿಸ್ಟರಮ್ಮನ ಕೈಕೆಳಗೆ ತರಬೇತಿ ಪಡೆದವಳು. ಅವರನ್ನು ಕಂಡದ್ದೇ ತಡ, ಬೆನ್ನು ನೆಟ್ಟಗೆ ಮಾಡಿ ನಿಂತಳು. ಮಂಚದ ಮೇಲೆ ಮಲಗಿದ್ದ ಮಗಳು ಬಾಗಿಲಲ್ಲಿ ನಿಂತ ಅಮ್ಮನನ್ನು, ಬಿಚ್ಚಲು ಮರೆತ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ನೋಡಿದಳು. ನೋವಿನ ನಡುವೆಯೂ ಮುಖದಲ್ಲಿ ಬೆಳಕು ಬಂತು.

"ಬಂದ್ಯಾ?"

"ಬಂದೆ ಕಣೇ."

ಹೊತ್ತು ಇಳಿಯುವ ವೇಳೆಗೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಕೈಗವಸು ಬದಲಿಸತೊಡಗಿದರು. "ಫುಲ್ಲಾಯ್ತು ಮೇಡಂ," ಎಂದು ನರ್ಸು ಮಗಳಿಗೆ ಹೇಳಿದಳು. ಮಗಳ ಕಣ್ಣಲ್ಲಿ ಭಯ ಕಂಡಿತು. ಏನು ಫುಲ್ಲು, ಯಾಕೆ ಫುಲ್ಲು ಎಂದು ಕೇಳುವ ತ್ರಾಣ ಅವಳಲ್ಲಿರಲಿಲ್ಲ. ಸಿಸ್ಟರಮ್ಮ ಬಗ್ಗಿ ಕಿವಿಯ ಹತ್ತಿರ ಹೇಳಿದರು, "ಒಳ್ಳೇ ಸುದ್ದಿ ಪುಟ್ಟಿ. ದಾರಿ ಪೂರ್ತಿ ತೆರೀತು ಅಂತ. ಮಗು ಇಳಿದು ಕೂತಿದೆ. ಇನ್ನು ನೋವು ಬಂದಾಗ ಮಾತ್ರ ಕೆಳಕ್ಕೆ ಒತ್ತು, ಹೋದಾಗ ಸುಮ್ನೆ ಮಲಕ್ಕೋ. ಒಳಗೆ ತಗೋ, ಹೊರಗೆ ಬಿಡು. ನಾನೂ ಜೊತೇಲಿ ಬಿಡ್ತೀನಿ."

ತಾಯಿ ಮಗಳು ಒಟ್ಟಿಗೆ ಉಸಿರು ಬಿಟ್ಟರು. ಮುಂದಿನ ನೋವು ಬಂದಾಗ ಮಗಳು ತಡಕಾಡಿ ಅಮ್ಮನ ಎಡಗೈಯನ್ನು ಹಿಡಿದುಕೊಂಡಳು. ಮೂಳೆ ಮುರಿಯುವ ಹಾಗಿತ್ತು ಆ ಹಿಡಿತ.

"ಅಮ್ಮಾ, ಕೈ ಬಿಡಬೇಡ."

"ಇಲ್ಲ. ಬಿಡಲ್ಲ."

ಎಷ್ಟು ಹೊತ್ತಾಯಿತೋ, ಮಗು ಅತ್ತಿತು. ಹೆಣ್ಣುಮಗು, ಕೆಂಪಗೆ, ಸಿಟ್ಟಿನಲ್ಲೇ ಬಂದಿತ್ತು. ಸಿಸ್ಟರಮ್ಮ ಮಗುವನ್ನು ನೋಡಿದರು, ಮಗಳನ್ನು ನೋಡಿದರು, ಮತ್ತೆ ಮಗುವನ್ನು ನೋಡಿದರು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ನರ್ಸು ಪೆನ್ನು ಹಿಡಿದು ಕಾಯುತ್ತಿದ್ದಳು. ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಕಾದು ಕಾದು ಕೊನೆಗೆ ಅವಳೇ ಕೇಳಿದಳು, "ಸಿಸ್ಟರ್, ಟೈಮ್?"

"ನಾನು ನೋಡಲಿಲ್ಲ ಕಣಮ್ಮ," ಎಂದರು ಸಿಸ್ಟರಮ್ಮ. ಗಡಿಯಾರ ಕಟ್ಟಿದ ಕೈ ಇನ್ನೂ ಮಗಳ ಕೈಯಲ್ಲೇ ಇತ್ತು.